ಕಪ್ಪು ಪರದೆ ಒಂದೇ ಕಾಯಿಲೆಯಲ್ಲ

ನನ್ನ ಕ್ಲಿನಿಕ್ಕಿನ ಹಳೆಯ ಇಸಿಜಿ ಯಂತ್ರದ ಸಾಫ್ಟ್‌ವೇರ್ ವಿಂಡೋಸ್ ಎಕ್ಸ್‌ಪಿ ಬಿಟ್ಟು ಬೇರೆಲ್ಲೂ ಓಡುವುದಿಲ್ಲ. ಅದಕ್ಕೆಂದೇ ಹೊಸ ಕಂಪ್ಯೂಟರಿನೊಳಗೆ ಒಂದು ವರ್ಚುವಲ್ ಮಷೀನ್ ಮಾಡಿ ಎಕ್ಸ್‌ಪಿಯನ್ನು ಅಲ್ಲಿ ಸಾಕಿಕೊಂಡಿದ್ದೇನೆ ಎಂದು ಹಿಂದೊಮ್ಮೆ ಇದೇ ಅಂಕಣದಲ್ಲಿ ಬರೆದಿದ್ದೆ. ಅದರ ಫಲವಾಗಿ ಸಕ್ಕರೆ ಕಾಯಿಲೆ, ಮಂಡಿನೋವಿನ ಪತ್ರಗಳ ನಡುವೆ ಈ ಸಲ ಬೂಟ್ ಆಗದ ಮಷೀನುಗಳ ಪತ್ರಗಳೂ ಬಂದಿವೆ. ಪರಿಚಯವಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು: ವರ್ಚುವಲ್ ಮಷೀನ್ ಎಂದರೆ ಕಂಪ್ಯೂಟರಿನೊಳಗೆ ಸಾಫ್ಟ್‌ವೇರೇ ಕಟ್ಟಿಕೊಡುವ ಇನ್ನೊಂದು ಕಂಪ್ಯೂಟರು. ಅದರ ಹಾರ್ಡ್ ಡಿಸ್ಕ್ ಎನ್ನುವುದು ನಿಮ್ಮ ಡ್ರೈವಿನಲ್ಲಿರುವ ಒಂದು ದೊಡ್ಡ ಫೈಲು, ಅಷ್ಟೆ. ವರ್ಚುವಲ್‌ಬಾಕ್ಸ್ ಅಂಥದ್ದನ್ನು ಕಟ್ಟಿಕೊಡುವ ಒಂದು ಸಾಫ್ಟ್‌ವೇರ್.

ಪ್ರಶ್ನೆ: ಡಾಕ್ಟರ್ ಸರ್, ನಾನು ಇಂಜಿನಿಯರಿಂಗ್ ಮೂರನೇ ವರ್ಷ. ಅಣ್ಣನ ಹಳೇ ಡೆಸ್ಕ್‌ಟಾಪಿನಲ್ಲಿ ವರ್ಚುವಲ್‌ಬಾಕ್ಸ್ ಹಾಕಿಕೊಂಡು ಅದರೊಳಗೆ ಉಬುಂಟು ಓಡಿಸ್ತಿದ್ದೆ. ಕರೆಂಟ್ ಹೋಗಿ ಬಂದಮೇಲೆ ಉಬುಂಟು ಏಳ್ತಾನೇ ಇಲ್ಲ. ಕಪ್ಪು ಪರದೆ ಮೇಲೆ ‘ಇನಿಟ್‌ರಾಮ್‌ಎಫ್‌ಎಸ್’ ಅಂತ ಬಂದು ನಿಂತುಬಿಡುತ್ತೆ. ಲ್ಯಾಬ್ ಪರೀಕ್ಷೆಯ ಪ್ರೋಗ್ರಾಮೆಲ್ಲ ಅದರಲ್ಲೇ ಇದೆ. ಮನೇಲಿ ರೇಷ್ಮೆ ಹುಳು ಸಾಕಾಣಿಕೆ, ಹಗಲು ಸೊಪ್ಪಿನ ಕೆಲಸ. ರಾತ್ರಿ ಮೂರರವರೆಗೂ ಇದರ ಮುಂದೆ ಕೂರ್ತೀನಿ. ತಲೆನೋವು, ಕಣ್ಣುರಿ ಶುರುವಾಗಿದೆ. ಫ್ರೆಂಡ್ಸು ಎಲ್ಲಾ ಅಳಿಸಿ ಹೊಸದಾಗಿ ಹಾಕು ಅಂತಾರೆ. ಏನು ಮಾಡಲಿ?
— ಹೆಸರು ಬೇಡ, ಮೇಲೂರು

ಉತ್ತರ: ಅಳಿಸಬೇಡಿ. ಗೆಳೆಯರ ಸಲಹೆಯಿಂದ ಮಷೀನು ಎದ್ದೀತು, ನಿಮ್ಮ ಪ್ರೋಗ್ರಾಮುಗಳು ಮಾತ್ರ ಹೋಗುತ್ತವೆ.

ರೋಗಿ ‘ಹೊಟ್ಟೆನೋವು’ ಎಂದಾಗ ಎಲ್ಲಿ, ಯಾವಾಗಿನಿಂದ ಎಂದು ಕೇಳದೆ ಯಾವ ವೈದ್ಯನೂ ಔಷಧಿ ಬರೆಯುವುದಿಲ್ಲ. ‘ಬೂಟ್ ಆಗುತ್ತಿಲ್ಲ’ ಎನ್ನುವುದೂ ಅಂಥದ್ದೇ ದೂರು. ಮೊದಲು ವರ್ಚುವಲ್‌ಬಾಕ್ಸ್ ತನ್ನ ಫೈಲುಗಳನ್ನು ತೆರೆಯಬೇಕು. ಆಮೇಲೆ ಒಳಗಿನ ಬಯೋಸ್ ಡಿಸ್ಕನ್ನು ಹುಡುಕಬೇಕು, ಕರ್ನಲನ್ನು ಎಬ್ಬಿಸುವ ಗ್ರಬ್ ಬರಬೇಕು, ಉಬುಂಟುವಿನ ತಿರುಳಾದ ಕರ್ನಲ್ ಏಳಬೇಕು, ಕರ್ನಲ್ ಡಿಸ್ಕನ್ನು ತೆರೆದು ಓದಬೇಕು. ಇಷ್ಟಾದ ಮೇಲೆ ಲಾಗಿನ್ ಪರದೆ. ನಿಮ್ಮದು ಕರ್ನಲ್‌ವರೆಗೆ ಆರೋಗ್ಯವಾಗಿ ಬಂದು ಡಿಸ್ಕ್ ತೆರೆಯುವಲ್ಲಿ ಎಡವಿದೆ. ಬರೆಯುತ್ತಿದ್ದ ಹೊತ್ತಿನಲ್ಲೇ ಕರೆಂಟ್ ಹೋಗಿದ್ದರಿಂದ ಫೈಲುಗಳ ಲೆಕ್ಕ ಅರ್ಧಕ್ಕೆ ನಿಂತಿದೆ. ಹೆಚ್ಚಿನ ಸಂದರ್ಭಗಳಲ್ಲಿ ಇದು ವಾಸಿಯಾಗುವ ತೊಂದರೆಯೇ.

ಮೊದಲು ಮಷೀನನ್ನು ಪೂರ್ತಿ ಆರಿಸಿ, ಅದರ ಇಡೀ ಫೋಲ್ಡರನ್ನು ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಇದನ್ನು ಬಿಟ್ಟು ಮುಂದಿನ ಹೆಜ್ಜೆ ಇಡಬೇಡಿ. ಆಮೇಲೆ ಮತ್ತೆ ಶುರುಮಾಡಿ, ಆ ಕಪ್ಪು ಪರದೆಯಲ್ಲಿ ‘ಎಕ್ಸಿಟ್’ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಯಾವ ಭಾಗ ಕೆಟ್ಟಿದೆ ಎಂದು ಅದೇ ಹೇಳುತ್ತದೆ. ಸಾಮಾನ್ಯವಾಗಿ ‘ಡೆವ್’ ಕೆಳಗಿನ ‘ಎಸ್‌ಡಿಎ1’ ಅಥವಾ ‘ಎಸ್‌ಡಿಎ2’. ಅದೇ ಹೆಸರನ್ನು ಸೇರಿಸಿ ‘ಎಫ್‌ಎಸ್‌ಸಿಕೆ’ ಆಜ್ಞೆಯನ್ನು ‘-ವೈ’ ಜೊತೆ ಕೊಡಿ. ಸಾಲುಸಾಲಾಗಿ ಏನೇನೋ ಹರಿಯುತ್ತದೆ, ನಡುವೆ ಸುಮ್ಮನೆ ನಿಂತಂತೆಯೂ ಕಾಣುತ್ತದೆ. ಆಗ ಗಾಬರಿಯಾಗಿ ಕಿಟಕಿ ಮುಚ್ಚಬೇಡಿ. ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂತ ಹುಳುವನ್ನು ನಿಮ್ಮ ಮನೆಯಲ್ಲಿ ಯಾರಾದರೂ ಅಲುಗಾಡಿಸುತ್ತಾರೆಯೇ? ಅದು ಏಳುವವರೆಗೆ ಸೊಪ್ಪೂ ಹಾಕುವುದಿಲ್ಲ. ಇಲ್ಲೂ ಹಾಗೆಯೇ ಬಿಟ್ಟುಬಿಡಿ. ಮುಗಿದಮೇಲೆ ‘ರೀಬೂಟ್’.

ಹಳೇ ಡೆಸ್ಕ್‌ಟಾಪ್ ಎಂದಿರಿ. ಕರೆಂಟ್ ಹೋಗಿ ಬಂದಾಗ ಗಡಿಯಾರ ಯಾವುದೋ ಹಳೇ ವರ್ಷ ತೋರಿಸುತ್ತಿದೆಯೇ? ತೋರಿಸಿದರೆ ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಬ್ಯಾಟರಿ, ಸಿಆರ್2032, ಮುಗಿದಿದೆ. ಅದು ಹೋದರೆ ಬಯೋಸಿನ ಆಯ್ಕೆಗಳು ಮೊದಲಿನ ಸ್ಥಿತಿಗೆ ಮರಳುತ್ತವೆ. ಎಷ್ಟೋ ಬೋರ್ಡುಗಳಲ್ಲಿ ವರ್ಚುವಲೈಸೇಷನ್ ಆಗ ಆಫ್ ಆಗಿಬಿಡುತ್ತದೆ. ನಾಳೆ ವರ್ಚುವಲ್‌ಬಾಕ್ಸ್ ‘ವಿಟಿ-ಎಕ್ಸ್ ಇಲ್ಲ’ ಎಂದು ತಗಾದೆ ತೆಗೆದರೆ ಉಬುಂಟುವನ್ನು ಬೈಯಬೇಡಿ. ಬ್ಯಾಟರಿ ಬದಲಿಸಿ, ಬಯೋಸಿಗೆ ಹೋಗಿ ಅದನ್ನು ಆನ್ ಮಾಡಿ.

ಇನ್ನೊಂದು ಸಂಗತಿ. ಕರೆಂಟ್ ಹೋದಾಗ ಮಷೀನಿನ ವಿವರವಿರುವ ‘ವಿಬಾಕ್ಸ್’ ಫೈಲೇ ಖಾಲಿಯಾಗಿ, ಪಟ್ಟಿಯಲ್ಲಿ ‘ಇನ್‌ಆಕ್ಸೆಸಿಬಲ್’ ಎಂದು ಕಾಣುವುದುಂಟು. ಅದೇ ಫೋಲ್ಡರಿನಲ್ಲಿ ‘ವಿಬಾಕ್ಸ್-ಪ್ರೀವ್’ ಎಂಬ ಹಿಂದಿನ ಪ್ರತಿ ಇರುತ್ತದೆ. ಅದನ್ನು ನಕಲು ಮಾಡಿ, ಕೊನೆಯ ‘-ಪ್ರೀವ್’ ತೆಗೆದು ಹೆಸರು ಬದಲಿಸಿದರೆ ಎಷ್ಟೋ ಸಲ ಮಷೀನು ಮರಳಿ ಬರುತ್ತದೆ. ಒಂದು ಸಣ್ಣ ಯುಪಿಎಸ್ ತಂದರೆ ಇದೊಂದೂ ಬೇಕಾಗುವುದಿಲ್ಲ.

ಈಗ ಮಷೀನಿನ ಮುಂದೆ ಕೂತವರ ವಿಷಯ. ಪರದೆ ನೋಡುವಾಗ ನಾವು ಕಣ್ಣು ಮಿಟುಕಿಸುವುದು ಬಹಳ ಕಡಿಮೆಯಾಗುತ್ತದೆ. ಕಣ್ಣೀರ ಪದರ ಒಣಗಿ ಉರಿ ಬರುತ್ತದೆ. 20 ನಿಮಿಷಕ್ಕೊಮ್ಮೆ 20 ಅಡಿ ಆಚೆಗಿನದನ್ನು 20 ಸೆಕೆಂಡು ನೋಡಿ, ಬೇಕೆಂದೇ ಮಿಟುಕಿಸಿ. ಆದರೆ ನಿಮ್ಮ ಪತ್ರದಲ್ಲಿ ನನ್ನ ಗಮನ ಹೋದದ್ದು ಹುಳುಮನೆಯ ಕಡೆಗೆ. ಸೋಂಕು ನಿವಾರಣೆಗೆ ಅಲ್ಲಿ ಫಾರ್ಮಲಿನ್, ಬ್ಲೀಚಿಂಗ್ ಪೌಡರ್ ಸಿಂಪಡಿಸಿದ ದಿನ ಉರಿ ಜಾಸ್ತಿಯೇ? ಇವೆರಡೂ ಕಣ್ಣು, ಮೂಗು, ಗಂಟಲನ್ನು ಕೆರಳಿಸುತ್ತವೆ. ಸಿಂಪಡಿಸುವಾಗ ಕನ್ನಡಕ, ಮಾಸ್ಕ್, ಕೈಗವಸು ಹಾಕಿ. ಕೋಣೆಗೆ ಗಾಳಿಯಾಡಿಸಿ ವಾಸನೆ ಹೋದಮೇಲೆ ಒಳಗೆ ಹೋಗಿ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಸ್ಟೀರಾಯ್ಡ್ ಹನಿ ತಂದು ಹಾಕಿಕೊಳ್ಳುವ ಚಾಳಿ ನಮ್ಮ ಕಡೆ ಬಹಳ; ತಿಂಗಳುಗಟ್ಟಲೆ ಹಾಕಿದರೆ ಕಣ್ಣಿನ ಒತ್ತಡ ಏರಿ ದೃಷ್ಟಿಗೇ ಸಂಚಕಾರ ಬರಬಹುದು. ಒಮ್ಮೆ ಕಣ್ಣು ಪರೀಕ್ಷೆ ಮಾಡಿಸಿ, ಕನ್ನಡಕ ಬೇಕಾಗಿರುವುದೂ ತಲೆನೋವಿಗೆ ಕಾರಣವಿರಬಹುದು. ಬೆಳಗಿನ ಜಾವ ಎಬ್ಬಿಸುವ ತಲೆನೋವು, ಜೊತೆಗೆ ವಾಂತಿ, ಎರಡೆರಡಾಗಿ ಕಾಣುವುದು ಇದ್ದರೆ ಪತ್ರ ಬರೆಯುತ್ತಾ ಕೂರದೆ ಅಂದೇ ಆಸ್ಪತ್ರೆಗೆ ಹೋಗಿ. ನಿದ್ದೆ ಏಳು ತಾಸು ಬೇಕೇ ಬೇಕು. ರಾತ್ರಿ ಎರಡು ಗಂಟೆಯ ತಲೆ ತಪ್ಪು ಡಿಸ್ಕನ್ನೇ ಅಳಿಸುತ್ತದೆ.

ಪ್ರಶ್ನೆ: ಡಾಕ್ಟ್ರೇ, ನನ್ನದು ಡಿಟಿಪಿ ಅಂಗಡಿ. ಮದುವೆ ಪತ್ರಿಕೆಗಳೆಲ್ಲ ಪೇಜ್‌ಮೇಕರ್, ನುಡಿಯಲ್ಲಿ, ಎಕ್ಸ್‌ಪಿ ಮೇಲೆ. ಹಳೇ ಕಂಪ್ಯೂಟರ್ ಸತ್ತಿತು. ಅದರ ಹಾರ್ಡ್ ಡಿಸ್ಕನ್ನು ಹುಡುಗನೊಬ್ಬ ವರ್ಚುವಲ್ ಮಷೀನಿಗೆ ಇಳಿಸಿಕೊಟ್ಟ. ಆನ್ ಮಾಡಿದರೆ ನೀಲಿ ಪರದೆ, ಕೊನೆಯಲ್ಲಿ 7ಬಿ ಅಂತ ನಂಬರು. ಮುಹೂರ್ತದ ಸೀಸನ್ನು ಬೇರೆ. ಬಿಪಿ ಮಾತ್ರೆ ತಗೊಳ್ತೀನಿ, ಈಗ ಎದೆ ಡವಡವ ಅಂತಿದೆ.
— ಚಿಂತಾಮಣಿ ಓದುಗರು

ಉತ್ತರ: 7ಬಿ ಎಂದರೆ ಎಕ್ಸ್‌ಪಿಗೆ ತಾನು ಏಳಬೇಕಾದ ಡಿಸ್ಕೇ ಕೈಗೆ ಸಿಗುತ್ತಿಲ್ಲ. ಡಿಸ್ಕ್ ಕೆಟ್ಟಿರಬೇಕೆಂದಿಲ್ಲ. ಎಕ್ಸ್‌ಪಿ 2001ರದು, ಇಂದಿನ ಸಾಟಾ ಕಂಟ್ರೋಲರಿನ ಭಾಷೆ ಅದಕ್ಕೆ ಹುಟ್ಟಿನಿಂದ ಬರುವುದಿಲ್ಲ. ಮಷೀನಿನ ಸೆಟ್ಟಿಂಗ್ಸಿನಲ್ಲಿ ಸ್ಟೋರೇಜ್ ತೆರೆದು ನೋಡಿ. ಡಿಸ್ಕ್ ಸಾಟಾ ಕೆಳಗಿದ್ದರೆ ಅಲ್ಲಿಂದ ಬಿಡಿಸಿ ಐಡಿಇ ಕೆಳಗೆ ಸೇರಿಸಿ, ಬಗೆ ‘ಪಿಐಐಎಕ್ಸ್4’ ಇರಲಿ. ಬಿಡಿಸುವಾಗ ಫೈಲನ್ನೇ ಅಳಿಸಲೇ ಎಂದು ಕೇಳಿದರೆ ‘ಬೇಡ’ ಎನ್ನಿ. ಆಗಲೂ 7ಬಿ ಬಂದರೆ, ಸತ್ತ ಕಂಪ್ಯೂಟರಿನ ಚಿಪ್‌ಸೆಟ್ಟಿನ ಡ್ರೈವರನ್ನೇ ಎಕ್ಸ್‌ಪಿ ಹುಡುಕುತ್ತಿದೆ ಎಂದು ತಿಳಿಯಿರಿ. ರಿಜಿಸ್ಟ್ರಿಗೆ ‘ಮರ್ಜ್‌ಐಡಿಇ’ ಎಂಬ ತಿದ್ದುಪಡಿ ಹಾಕಬೇಕಾಗುತ್ತದೆ. ಅದು ಆ ಹುಡುಗನ ಕೆಲಸ, ಅವನನ್ನೇ ಕರೆಸಿ. ಯಂತ್ರ ಬದಲಾದ್ದರಿಂದ ಆಕ್ಟಿವೇಷನ್ ಮತ್ತೆ ಕೇಳಬಹುದು, ಹಳೇ ಸೀಡಿಯ ಕೀ ಹುಡುಕಿಟ್ಟುಕೊಳ್ಳಿ.

ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿದೆ. ಎದ್ದಮೇಲೆ ಅದಕ್ಕೆ ಇಂಟರ್‌ನೆಟ್ ಕೊಡಬೇಡಿ. ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಕೇಬಲ್ ಗುರುತನ್ನು ತೆಗೆದುಬಿಡಿ. ನನ್ನ ಇಸಿಜಿ ಎಕ್ಸ್‌ಪಿಯೂ ಹೊರಜಗತ್ತು ಕಂಡಿಲ್ಲ. ಬಿಡುವಾದಾಗ ಹಳೇ ನುಡಿ ಕಡತಗಳನ್ನು ಯುನಿಕೋಡಿಗೆ ಪರಿವರ್ತಿಸಿಕೊಳ್ಳಿ.

ಡವಡವಕ್ಕೆ ಮುಹೂರ್ತವೇ ಕಾರಣವೆಂದು ನೀವಾಗಿ ತೀರ್ಮಾನಿಸಬೇಡಿ. ಗಡಿಬಿಡಿಯಲ್ಲಿ ಬಿಪಿ ಮಾತ್ರೆ ತಪ್ಪಿದೆಯೇ? ದಿನಕ್ಕೆ ಎಷ್ಟು ಕಾಫಿ? ಈ ವಾರವೇ ಬಿಪಿ ನೋಡಿಸಿ, ಒಂದು ಇಸಿಜಿ ತೆಗೆಸಿ. ಎದೆನೋವು, ಬೆವರು, ತಲೆಸುತ್ತು ಸೇರಿಕೊಂಡರೆ ಅಂಗಡಿ ಮುಚ್ಚಿ ತಕ್ಷಣ ಹೊರಡಿ.

ಪ್ರಶ್ನೆ: ಮಗಳ ಹೊಸ ಲ್ಯಾಪ್‌ಟಾಪಿನಲ್ಲಿ ವರ್ಚುವಲ್ ಮಷೀನ್ ಏಳೋಕೆ ಅರ್ಧ ಗಂಟೆ. ಕೆಳಗಡೆ ಹಸಿರು ಆಮೆ ಚಿತ್ರ ಬರುತ್ತೆ. ವೈರಸ್ಸೇ?
— ಒಬ್ಬ ತಾಯಿ, ಗೌರಿಬಿದನೂರು

ಉತ್ತರ: ವೈರಸ್ಸಲ್ಲಮ್ಮ. ವಿಂಡೋಸಿನ ಸ್ವಂತ ಹೈಪರ್-ವಿ ಪ್ರೊಸೆಸರಿನ ಸೌಲಭ್ಯವನ್ನು ಹಿಡಿದುಕೊಂಡಿದೆ, ವರ್ಚುವಲ್‌ಬಾಕ್ಸ್ ಅದರ ಮೂಲಕ ಹೋಗಬೇಕಾಗಿದೆ ಎಂಬುದಕ್ಕೆ ಆ ಆಮೆ ಗುರುತು. ವಿಂಡೋಸ್ ಫೀಚರ್ಸಿನಲ್ಲಿ ಹೈಪರ್-ವಿ, ವರ್ಚುವಲ್ ಮಷೀನ್ ಪ್ಲಾಟ್‌ಫಾರ್ಮ್ ಎರಡನ್ನೂ ತೆಗೆದು ರೀಸ್ಟಾರ್ಟ್ ಮಾಡಿದರೆ ಸಾಮಾನ್ಯವಾಗಿ ಹೋಗುತ್ತದೆ. ಹೋಗದಿದ್ದರೆ ‘ಮೆಮೊರಿ ಇಂಟೆಗ್ರಿಟಿ’ ಆನ್ ಆಗಿರಬಹುದು. ಅದು ರಕ್ಷಣೆಗೆಂದು ಇಟ್ಟದ್ದು, ಕಂಪನಿಯ ಲ್ಯಾಪ್‌ಟಾಪಾದರೆ ಕೇಳದೆ ಮುಟ್ಟಬಾರದು. ಮಗಳು ಡಾಕರ್ ಎಂಬ ಸಾಫ್ಟ್‌ವೇರ್ ಬಳಸುತ್ತಿದ್ದರೆ ಆಮೆಯೊಂದಿಗೇ ಬಾಳಲಿ. ಆ ಎರಡನ್ನೂ ತೆಗೆದರೆ ಡಾಕರ್ ನಿಲ್ಲುತ್ತದೆ.

ಪ್ರಶ್ನೆ: ಏನೇ ಆದರೂ ರೀಸ್ಟಾರ್ಟ್ ಮಾಡ್ತಾ ಇದ್ದರೆ ಸರಿಹೋಗುತ್ತೆ ಅಂತಾರೆ. ನಿಜವೇ?
— ಶಿಡ್ಲಘಟ್ಟ

ಉತ್ತರ: ಒಮ್ಮೊಮ್ಮೆ ನಿಜ, ಅದೂ ದೊಡ್ಡವರ ಬಾಯಿಂದಲೇ ಬಂದದ್ದು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರ್ ಕಂಪನಿ ಕಳಿಸಿದ ಒಂದು ದೋಷದ ಫೈಲಿನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು ಎಂಬುದು ಮೈಕ್ರೋಸಾಫ್ಟಿನದೇ ಅಂದಾಜು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಅಂದು ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟರು. ಆಗ ತನ್ನ ಕ್ಲೌಡ್ ಸೇವೆಯಾದ ಅಝೂರ್‌ನ ವರ್ಚುವಲ್ ಮಷೀನುಗಳಿಗೆ ಮೈಕ್ರೋಸಾಫ್ಟ್ ಹೇಳಿದ ಒಂದು ಉಪಾಯ ಪದೇಪದೇ ರೀಸ್ಟಾರ್ಟ್. ಕೆಲವರಿಗೆ 15 ಸಲದವರೆಗೂ ಬೇಕಾಯಿತು ಎಂದಿತು. ಒಂದಲ್ಲ ಒಂದು ಸಲ ನೀಲಿ ಪರದೆಗಿಂತ ಮುಂಚೆ ಸರಿಯಾದ ಫೈಲು ಇಳಿದೀತು ಎಂಬ ಲೆಕ್ಕ ಅದು. ಹಾಗೂ ಆಗದವರು ಕೆಟ್ಟ ಮಷೀನಿನ ಡಿಸ್ಕನ್ನು ಆರೋಗ್ಯವಾಗಿದ್ದ ಇನ್ನೊಂದಕ್ಕೆ ಜೋಡಿಸಿ ಆ ಫೈಲನ್ನು ಕಿತ್ತರು.

‘ಬೂಟ್ ಮಾಡುವ ಡಿಸ್ಕೇ ಇಲ್ಲ’ ಎಂಬ ಸಂದೇಶ ಬಂದವರಿಗೆ ಮಾತ್ರ ನೂರು ರೀಸ್ಟಾರ್ಟಿನಿಂದಲೂ ಪ್ರಯೋಜನವಿಲ್ಲ. ಡಿಸ್ಕ್ ಬಿಟ್ಟುಹೋಗಿರುತ್ತದೆ, ಇಲ್ಲವೇ ಇಎಫ್‌ಐ ಆನ್ ಇಟ್ಟು ಇನ್‌ಸ್ಟಾಲ್ ಮಾಡಿದ ಮಷೀನಿನಲ್ಲಿ ಯಾರೋ ಅದನ್ನು ಆಫ್ ಮಾಡಿರುತ್ತಾರೆ. ಸೆಟ್ಟಿಂಗ್ಸ್ ನೋಡಿ. ಹೊರಗಿನ ಕಂಪ್ಯೂಟರಿನ ಡ್ರೈವ್ ತುಂಬಿದ್ದರೂ ಒಳಗಿನ ಮಷೀನು ನಿಲ್ಲುತ್ತದೆ. ಜಾಗ ಮಾಡಲೆಂದು ‘ಸ್ನ್ಯಾಪ್‌ಶಾಟ್ಸ್’ ಫೋಲ್ಡರಿನ ಫೈಲುಗಳನ್ನು ಕೈಯಾರೆ ಅಳಿಸಿದವರ ಡೇಟಾ ವಾಪಸು ತರುವುದು ಬಹಳ ಕಷ್ಟ.

ಇನ್ನು ಮುಂದೆ ಇಂಥ ಪತ್ರ ಬರೆಯುವವರು ನಿಂತ ಪರದೆಯ ಫೋಟೊ, ಹೊರಗಿನ ಕಂಪ್ಯೂಟರಿನ ರ‍್ಯಾಮ್ ಎಷ್ಟು, ಡ್ರೈವಿನಲ್ಲಿ ಖಾಲಿ ಜಾಗ ಎಷ್ಟು, ಕೆಡುವ ಮುಂಚೆ ಏನು ಬದಲಾಯಿತು ಎಂಬುದನ್ನು ತಪ್ಪದೆ ಕಳಿಸಿ. ಜೊತೆಗೆ ನಿಮ್ಮ ವಯಸ್ಸು, ತೆಗೆದುಕೊಳ್ಳುತ್ತಿರುವ ಮಾತ್ರೆಗಳು ಮತ್ತು ರಾತ್ರಿ ಮಲಗುವ ಹೊತ್ತನ್ನೂ ಬರೆಯಿರಿ.