ಮಗುವನ್ನು ಬೇಸಿಗೆ ಶಿಬಿರಕ್ಕೆ ಕಳಿಸುವ ಮುನ್ನ: ಪಾಲಕರಿಗೆ ಕೆಲವು ಮಾತು



ಪರೀಕ್ಷೆ ಮುಗಿದು ಏಪ್ರಿಲ್ ಬಂತೆಂದರೆ ಮಕ್ಕಳಿಗೆ ರಜೆಯ ಸಂಭ್ರಮ. ಹಿಂದೆ ರಜೆ ಎಂದರೆ ಅಜ್ಜಿಯ ಊರು, ಮಾವಿನ ತೋಪು ಇಷ್ಟೇ ಆಗಿತ್ತು. ಈಗ ಬೇಸಿಗೆ ಶಿಬಿರವೂ ಅದರೊಂದಿಗೆ ಸೇರಿದೆ. ಬೆಂಗಳೂರಿನ ಬಾಲಭವನ, ಮೈಸೂರಿನ ರಂಗಾಯಣದ ಚಿಣ್ಣರ ಮೇಳದಂಥ ಹೆಸರಾದ ಶಿಬಿರಗಳಿವೆ. ಊರೂರಿನಲ್ಲಿ ಶಾಲೆಗಳು, ಮಠಗಳು, ಸಂಘ ಸಂಸ್ಥೆಗಳೂ ಶಿಬಿರ ನಡೆಸುತ್ತವೆ. ಕೆಲವು ಬೆಳಿಗ್ಗೆ ಹೋಗಿ ಸಂಜೆ ಮರಳುವ ಶಿಬಿರಗಳಾದರೆ, ಇನ್ನು ಕೆಲವು ಹತ್ತು ಹದಿನೈದು ದಿನ ಅಲ್ಲಿಯೇ ಉಳಿಯುವ ವಸತಿ ಶಿಬಿರಗಳು. ಶಿಬಿರ ಒಳ್ಳೆಯದು. ಮಗು ತನ್ನ ತಟ್ಟೆ ತಾನೇ ತೊಳೆಯುವುದನ್ನು, ಹಂಚಿ ತಿನ್ನುವುದನ್ನು, ಹತ್ತು ಜನರೊಂದಿಗೆ ಹೊಂದಿಕೊಳ್ಳುವುದನ್ನು ಅಲ್ಲಿ ಕಲಿಯುತ್ತದೆ. ಆದರೆ ಮನೆಯಲ್ಲಿ ಅಮ್ಮನ ಕಣ್ಣು ಮಾಡುವ ಕೆಲಸವನ್ನು ಅಲ್ಲಿ ಬೇರೆಯವರು ಮಾಡಬೇಕಾಗುತ್ತದೆ. ಅವರಿಗೆ ನಿಮ್ಮ ಮಗುವಿನ ಬಗ್ಗೆ ಏನು ಗೊತ್ತಿದೆ ಎಂಬುದೇ ಮುಖ್ಯ.

ಪ್ರತಿ ವರ್ಷ ಮಾರ್ಚ್ ತಿಂಗಳಲ್ಲಿ ತಾಯಂದಿರು ನಮ್ಮಲ್ಲಿಗೆ ಬಂದು ಮೆಲ್ಲಗೆ ಒಂದು ಪ್ರಶ್ನೆ ಕೇಳುತ್ತಾರೆ: "ಸಿಸ್ಟರ್, ಇವನಿಗೆ ಗುಳಿಗೆ ನಡೀತಾ ಇದೆ. ಶಿಬಿರದವರಿಗೆ ಹೇಳಬೇಕಾ? ಹೇಳಿದರೆ ಸೇರಿಸಿಕೊಳ್ಳದೇ ಹೋದರೆ?" ಈ ಲೇಖನ ಮುಖ್ಯವಾಗಿ ಆ ಪ್ರಶ್ನೆಗೆ ಉತ್ತರ.

ವಾರ್ಡಿನಲ್ಲಿ ಕಂಡ ಒಂದು ಪ್ರಸಂಗ

ಕೆಲವು ವರ್ಷಗಳ ಹಿಂದೆ ಹತ್ತು ವರ್ಷದ ಹುಡುಗನೊಬ್ಬನನ್ನು ಶಿಬಿರದಿಂದ ನೇರವಾಗಿ ನಾನಿದ್ದ ಮಕ್ಕಳ ವಾರ್ಡಿಗೆ ತಂದರು. ಅವನಿಗೆ ಫಿಟ್ಸ್, ಅಂದರೆ ಮೂರ್ಛೆರೋಗ ಇತ್ತು. ಗುಳಿಗೆಯಿಂದ ಎರಡು ವರ್ಷ ಒಮ್ಮೆಯೂ ಬಂದಿರಲಿಲ್ಲ. ತಂದೆ ತಾಯಿ ಶಿಬಿರದವರಿಗೆ ಏನೂ ಹೇಳಿರಲಿಲ್ಲ. ಗುಳಿಗೆಯನ್ನು ಬಟ್ಟೆಯ ಕೆಳಗಿಟ್ಟು "ಯಾರಿಗೂ ಕಾಣದಂತೆ ತಗೋ" ಎಂದು ಹೇಳಿ ಕಳಿಸಿದ್ದರು. ಮೊದಲ ದಿನ ಅವನು ತೆಗೆದುಕೊಂಡ. ಮುಂದೆ ಸುತ್ತಲೂ ಸದಾ ಹುಡುಗರು. ನಾಚಿಕೆಯಿಂದ ಬಿಟ್ಟುಬಿಟ್ಟ. ರಾತ್ರಿ ಹಾಡು, ಹರಟೆ ಎಂದು ನಿದ್ದೆಯೂ ಕಡಿಮೆ. ನಾಲ್ಕನೆಯ ದಿನ ನಲ್ಲಿಯ ಹತ್ತಿರ ಫಿಟ್ಸ್ ಬಂದು ಬಿದ್ದ. ಅಲ್ಲಿದ್ದವರು ಗಾಬರಿಯಾಗಿ ಕೈಗೆ ಬೀಗದ ಕೈ ಕೊಟ್ಟರು, ಬಾಯಿಗೆ ನೀರು ಹಾಕಿದರು. ನೀರು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಯಿತು. ಒಂದು ವಾರ ಆಮ್ಲಜನಕ, ಚುಚ್ಚುಮದ್ದು. ಹುಡುಗ ಉಳಿದ, ಗುಣವಾಗಿ ಮನೆಗೂ ಹೋದ.

ಆ ಶಿಬಿರದವರು ಕೆಟ್ಟವರಲ್ಲ, ಅವರಿಗೆ ಗೊತ್ತಿರಲಿಲ್ಲ. ತಂದೆ ತಾಯಿಯೂ ಕೆಟ್ಟವರಲ್ಲ, ಜನ ಏನೆನ್ನುತ್ತಾರೋ ಎಂದು ಹೆದರಿದ್ದರು. ಆ ಹೆದರಿಕೆಯ ಬೆಲೆಯನ್ನು ಮಗು ತೆರಬೇಕಾಯಿತು.

ಹೇಳಿ, ಮುಚ್ಚಿಡಬೇಡಿ

ಈ ಕೆಳಗಿನ ಯಾವುದೇ ತೊಂದರೆ ನಿಮ್ಮ ಮಗುವಿಗೆ ಇದ್ದರೆ ಶಿಬಿರದ ಮುಖ್ಯಸ್ಥರಿಗೆ ಬಾಯಿಂದ ಹೇಳಿ, ಬರೆದೂ ಕೊಡಿ. ಎಲ್ಲರೆದುರು ಹೇಳಬೇಕಾಗಿಲ್ಲ, ಬದಿಗೆ ಕರೆದು ಹೇಳಿದರೆ ಸಾಕು.

1. ಫಿಟ್ಸ್: ಗುಳಿಗೆ ತಪ್ಪುವುದು ಮತ್ತು ನಿದ್ದೆಗೆಡುವುದು ಫಿಟ್ಸ್ ಬರಲು ಮುಖ್ಯ ಕಾರಣಗಳು. ಈ ಮಗು ಮರ ಹತ್ತಬಾರದು, ಒಬ್ಬನೇ ನೀರಿಗಿಳಿಯಬಾರದು. ಉಳಿದ ಆಟ ಪಾಠಗಳಿಗೆ ಅಡ್ಡಿಯಿಲ್ಲ. ಫಿಟ್ಸ್ ಬಂದಾಗ ಮಗುವನ್ನು ಒಂದು ಮಗ್ಗುಲಾಗಿ ಮಲಗಿಸಿ, ತಲೆಯ ಕೆಳಗೆ ಮೆತ್ತನೆಯದು ಇಟ್ಟು, ಗಡಿಯಾರ ನೋಡಬೇಕು. ಕೈಕಾಲು ಬಿಗಿಯಾಗಿ ಹಿಡಿಯಬಾರದು. ಬಾಯಿಯಲ್ಲಿ ಚಮಚ, ನೀರು, ಏನನ್ನೂ ಹಾಕಬಾರದು. ಬೀಗದ ಕೈ, ಈರುಳ್ಳಿ, ಚಪ್ಪಲಿಯ ವಾಸನೆಯಿಂದ ಫಿಟ್ಸ್ ನಿಲ್ಲುವುದಿಲ್ಲ. ಅದು ತಾನಾಗಿಯೇ ನಿಲ್ಲುವ ಹೊತ್ತಿಗೆ ನಾವು ಅವನ್ನು ಹಿಡಿದಿರುತ್ತೇವೆ, ಅಷ್ಟೆ. 5 ನಿಮಿಷ ದಾಟಿದರೆ, ಅಥವಾ ಎಚ್ಚರವಾಗುವ ಮೊದಲೇ ಮತ್ತೆ ಬಂದರೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

2. ಆಸ್ತಮಾ: ಧೂಳು, ಹೊಗೆ, ರಾತ್ರಿಯ ಬೆಂಕಿಯ ಸುತ್ತ ಕೂರುವ ಕಾರ್ಯಕ್ರಮ ಇವು ದಮ್ಮು ಎಬ್ಬಿಸುತ್ತವೆ. ಪಂಪು ಮಗುವಿನ ಕೈಗೆ ಸಿಗುವಂತಿರಲಿ, ಕಪಾಟಿನೊಳಗೆ ಬೀಗ ಹಾಕಿ ಇಡುವುದಲ್ಲ. ಪಂಪು ಬಳಸಿದರೆ ಚಟ ಅಂಟುತ್ತದೆ ಎಂಬುದು ತಪ್ಪು ತಿಳಿವಳಿಕೆ. ಉಸಿರಿಗಾಗಿ ಒಂದು ಇಡೀ ವಾಕ್ಯ ಹೇಳಲಾಗದಿದ್ದರೆ, ತುಟಿ ನೀಲಿಯಾದರೆ ಕಾಯಬಾರದು.

3. ಸಕ್ಕರೆ ಕಾಯಿಲೆ: ಇನ್ಸುಲಿನ್ ತೆಗೆದುಕೊಳ್ಳುವ ಮಗುವಿಗೆ ಊಟ ತಡವಾಗಬಾರದು. ಆಟ ಹೆಚ್ಚಾದ ದಿನ ಸಕ್ಕರೆ ಅಂಶ ಇಳಿಯಬಹುದು. ಬೆವರು, ನಡುಕ, ವಿಪರೀತ ಹಸಿವು, ಕಾರಣವಿಲ್ಲದ ಸಿಟ್ಟು ಇದರ ಲಕ್ಷಣ. ಎಚ್ಚರವಿದ್ದರೆ ಕೂಡಲೇ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ಕೊಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಇನ್ಸುಲಿನ್ ಇಡಲು ಫ್ರಿಜ್ ಇದೆಯೇ ಎಂದು ಮೊದಲೇ ಕೇಳಿ.

4. ಒಗ್ಗದ ವಸ್ತುಗಳು: ಯಾವ ಔಷಧ, ಯಾವ ಆಹಾರ ತಿಂದರೆ ಮೈಯೆಲ್ಲ ದದ್ದು ಅಥವಾ ಉಸಿರಾಟದ ತೊಂದರೆ ಆಗಿತ್ತು ಎಂಬುದನ್ನು ಹೆಸರು ಸಹಿತ ಬರೆಯಿರಿ.

5. ಹಾಸಿಗೆಯಲ್ಲಿ ಮೂತ್ರ: ಎಂಟು ಹತ್ತು ವರ್ಷದ ಕೆಲವು ಮಕ್ಕಳಿಗೂ ಇದು ಇರುತ್ತದೆ. ಮಗುವಿನ ತಪ್ಪಲ್ಲ, ಸೋಮಾರಿತನವೂ ಅಲ್ಲ. ಹೇಳದೆ ಕಳಿಸಿದರೆ ಮಗು ಹೆದರಿ ದಿನವಿಡೀ ನೀರೇ ಕುಡಿಯುವುದಿಲ್ಲ. ಬೇಸಿಗೆಯಲ್ಲಿ ಅದು ಅಪಾಯ. ಹಗಲು ಚೆನ್ನಾಗಿ ಕುಡಿದು, ಮಲಗುವ ಎರಡು ತಾಸು ಮೊದಲು ಕಡಿಮೆ ಮಾಡಲಿ. ಮಲಗುವ ಮುನ್ನ ಶೌಚಾಲಯಕ್ಕೆ ಹೋಗಲಿ. ಒಂದು ರಬ್ಬರ್ ಶೀಟು, ಎರಡು ಹೆಚ್ಚಿನ ಚಡ್ಡಿ ಕಳಿಸಿ, ನಂಬಿಕೆಯ ಒಬ್ಬ ಶಿಕ್ಷಕರಿಗೆ ತಿಳಿಸಿ.

ಹೇಳಿದ ಮೇಲೆ "ನಮ್ಮಲ್ಲಿ ನೋಡಿಕೊಳ್ಳಲು ಆಗುವುದಿಲ್ಲ" ಎಂದು ಅವರು ಹೇಳಿದರೆ ಬೇಸರಪಡಬೇಡಿ. ಅಂಥ ಜಾಗಕ್ಕೆ ಮಗುವನ್ನು ಕಳಿಸದೇ ಇದ್ದದ್ದು ಒಳ್ಳೆಯದಾಯಿತು. ಹಗಲು ಶಿಬಿರವನ್ನು ಹುಡುಕಿ.

ಹಣ ಕಟ್ಟುವ ಮೊದಲು ಜಾಗ ನೋಡಿ ಬನ್ನಿ

ಕರಪತ್ರದಲ್ಲಿ ಕುದುರೆ ಸವಾರಿ, ಈಜು, ಚಿತ್ರಕಲೆ ಎಲ್ಲ ಇರುತ್ತದೆ. ನೀವು ಕೇಳಬೇಕಾದ್ದು ಬೇರೆ.

- ಕುಡಿಯುವ ನೀರು ಎಲ್ಲಿಂದ ಬರುತ್ತದೆ? ಕಾಯಿಸುತ್ತಾರೋ, ಶುದ್ಧೀಕರಿಸುತ್ತಾರೋ?
- ಶೌಚಾಲಯಗಳು ಎಷ್ಟು? ಒಳಗಿನಿಂದ ಚಿಲಕ, ರಾತ್ರಿ ದೀಪ, ಸೋಪು ಇವೆಯೇ?
- ರಾತ್ರಿ ಮಕ್ಕಳ ಜೊತೆ ಯಾರು ಮಲಗುತ್ತಾರೆ? ಹೆಣ್ಣುಮಕ್ಕಳಿಗೆ ಮಹಿಳೆಯರೇ ಇರುತ್ತಾರೆಯೇ?
- ಹತ್ತಿರ ಬಾವಿ, ಕೆರೆ, ಕಾಲುವೆ, ಕೃಷಿ ಹೊಂಡ ಇದೆಯೇ? ಬೇಲಿ ಇದೆಯೇ?
- ಹಾವಿನ ವಿಷಕ್ಕೆ ಔಷಧ ಇರುವ ಆಸ್ಪತ್ರೆ ಎಷ್ಟು ದೂರ? ರಾತ್ರಿ ವಾಹನ ಇರುತ್ತದೆಯೇ?

ಈ ಪ್ರಶ್ನೆಗಳಿಗೆ ಸಿಟ್ಟಾಗದೆ ಉತ್ತರಿಸುವವರೇ ಒಳ್ಳೆಯ ಶಿಬಿರದವರು.

ಎರಡು ವಾರ ಮೊದಲು

ಲಸಿಕೆಯ ಕಾರ್ಡು ತೆಗೆದು ನೋಡಿ. 5ರಿಂದ 6 ವರ್ಷದಲ್ಲಿ ಡಿಪಿಟಿ ಬೂಸ್ಟರ್, 10 ಮತ್ತು 16 ವರ್ಷಕ್ಕೆ ಟಿಡಿ ಚುಚ್ಚುಮದ್ದು ಆಗಿರಬೇಕು. ಬಿಟ್ಟುಹೋಗಿದ್ದರೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಹಾಕುತ್ತಾರೆ. ಹುಳುಕು ಹಲ್ಲು, ಸೋರುವ ಕಿವಿ, ತಲೆಯ ಹೇನು, ಕಜ್ಜಿ ಇದ್ದರೆ ಈಗಲೇ ಚಿಕಿತ್ಸೆ ಮಾಡಿಸಿ. ಮನೆ ಬಿಟ್ಟು ಮಲಗಿಯೇ ಗೊತ್ತಿಲ್ಲದ ಮಗುವನ್ನು ಮೊದಲು ಎರಡು ರಾತ್ರಿ ಬಂಧುಗಳ ಮನೆಯಲ್ಲಿ ಬಿಟ್ಟು ನೋಡಿ. ತಾನೇ ಸ್ನಾನ ಮಾಡಿ, ತಾನೇ ಬಟ್ಟೆ ಮಡಚಿಕೊಳ್ಳುವುದು ರೂಢಿಯಾಗಲಿ. ಹನ್ನೊಂದು ಹನ್ನೆರಡು ವರ್ಷದ ಹೆಣ್ಣುಮಕ್ಕಳಿಗೆ ಮುಟ್ಟು ಇನ್ನೂ ಆರಂಭವಾಗಿರದಿದ್ದರೂ ಪ್ಯಾಡ್ ಕಳಿಸಿ, ಬಳಸುವ ಕ್ರಮ ತಿಳಿಸಿ. ಮೊದಲ ಮುಟ್ಟು ಶಿಬಿರದಲ್ಲಿಯೇ ಆದರೆ ಮಗು ಹೆದರಬಾರದು.

ಔಷಧ ಕಳಿಸುವ ಕ್ರಮ

ಬಿಡಿ ಗುಳಿಗೆಗಳನ್ನು ಕಾಗದದಲ್ಲಿ ಸುತ್ತಿ ಕಳಿಸಬೇಡಿ. ಅಂಗಡಿಯಲ್ಲಿ ಕೊಟ್ಟ ಪಟ್ಟಿಯಲ್ಲಿಯೇ ಇರಲಿ, ಮೇಲೆ ಮಗುವಿನ ಹೆಸರು, ಹೊತ್ತು, ಪ್ರಮಾಣ ಬರೆದಿರಲಿ. ಶಿಬಿರದ ದಿನಗಳಿಗಿಂತ ಮೂರು ದಿನದಷ್ಟು ಹೆಚ್ಚು ಇಡಿ. ವೈದ್ಯರ ಚೀಟಿಯ ಝೆರಾಕ್ಸ್ ಜೊತೆಗಿರಲಿ. ಇವನ್ನು ಮಗುವಿನ ಕೈಗಲ್ಲ, ಜವಾಬ್ದಾರಿ ಹೊತ್ತವರ ಕೈಗೆ ಕೊಡಿ. ಪಂಪು ಮಾತ್ರ ಮಗುವಿನ ಬಳಿ ಇರಲಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಡುವುದಾದರೆ ಪ್ರಮಾಣ ವಯಸ್ಸಿನ ಮೇಲಲ್ಲ, ತೂಕದ ಮೇಲೆ. ಆದ್ದರಿಂದ ತೂಕ ನೋಡಿ ನಮ್ಮಿಂದ ಬರೆಸಿಕೊಂಡು ಹೋಗಿ. ಮಕ್ಕಳಿಗೆ ಜ್ವರಕ್ಕೆಂದು ಆಸ್ಪಿರಿನ್ ಕೊಡಬಾರದು.

ಬಿಸಿಲು ಮತ್ತು ನೀರು

ರಾಯಚೂರು, ಕಲಬುರಗಿ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುವುದು ಸಾಮಾನ್ಯ. ಆಟದ ಗುಂಗಿನಲ್ಲಿ ಮಕ್ಕಳಿಗೆ ಬಾಯಾರಿಕೆ ತಿಳಿಯುವುದಿಲ್ಲ. ಮೂತ್ರದ ಬಣ್ಣ ನೋಡಿಕೊಳ್ಳಲು ಕಲಿಸಿ: ತಿಳಿ ಹಳದಿ ಇದ್ದರೆ ಸರಿ, ಗಾಢ ಹಳದಿಯಾದರೆ ಕೂಡಲೇ ನೀರು ಕುಡಿಯಬೇಕು. ಟೋಪಿ, ಸಡಿಲವಾದ ಹತ್ತಿ ಬಟ್ಟೆ, ಹೆಸರು ಬರೆದ ನೀರಿನ ಬಾಟಲಿ ಕಳಿಸಿ.

ವಾಂತಿ ಭೇದಿ ಆದರೆ ಓ.ಆರ್.ಎಸ್. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ಶುದ್ಧ ನೀರಿಗೆ ಹಾಕಿ, 24 ತಾಸಿನೊಳಗೆ ಬಳಸಿ, ಉಳಿದದ್ದು ಚೆಲ್ಲಬೇಕು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ 6 ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು.

ಬಿಸಿಲಿನಲ್ಲಿದ್ದ ಮಗುವಿನ ಮೈ ಸುಡುತ್ತಿದ್ದು, ಮಾತು ತೊದಲಿದರೆ, ಗುರುತು ಹಿಡಿಯದಿದ್ದರೆ ಅದು ಬಿಸಿಲಿನ ಆಘಾತ. ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಯೆಲ್ಲ ನೀರು ಹಾಕಿ ಗಾಳಿ ಬೀಸುತ್ತ ಆಸ್ಪತ್ರೆಗೆ ಒಯ್ಯಬೇಕು. ಇದಕ್ಕೆ ಜ್ವರದ ಗುಳಿಗೆ ಕೆಲಸ ಮಾಡುವುದಿಲ್ಲ.

ಬಾವಿ, ಹಾವು, ನಾಯಿ

ಕೃಷಿ ಹೊಂಡದ ಬಗ್ಗೆ ವಿಶೇಷ ಎಚ್ಚರಿಕೆ ಹೇಳಿ. ನೋಡಲು ಸಣ್ಣದು, ಆದರೆ ಒಳಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಜಾರುವುದರಿಂದ ಈಜು ಬಂದವರೂ ಮೇಲೆ ಹತ್ತಲಾರರು. "ಗೆಳೆಯ ಬಿದ್ದರೆ ನೀನು ಹಾರಬೇಡ. ಹಗ್ಗ ಅಥವಾ ಕೋಲು ಎಸೆ, ಕೂಗಿ ದೊಡ್ಡವರನ್ನು ಕರೆ" ಎಂದು ಮನದಟ್ಟು ಮಾಡಿಸಿ.

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ರಕ್ತ ಹೀರುವುದು, ನಾಟಿ ಔಷಧಕ್ಕಾಗಿ ಹೊತ್ತು ಕಳೆಯುವುದು ಬೇಡ. ಕಚ್ಚಿದ ಭಾಗ ಅಲುಗಾಡದಂತೆ ಇಟ್ಟು, ಮಗುವನ್ನು ನಡೆಸದೆ ಎತ್ತಿಕೊಂಡು ಆಸ್ಪತ್ರೆಗೆ ಹೋಗಬೇಕು. ಕಟ್ಟು ಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು, ಬಾವು ಹೆಚ್ಚಿರುವುದಿಲ್ಲ, ಹಾಗಾಗಿ ಗೊತ್ತೇ ಆಗದಿರಬಹುದು. ನೆಲದ ಮೇಲೆ ಮಲಗಿಸುವುದಾದರೆ ಸೊಳ್ಳೆಪರದೆಯನ್ನು ಹಾಸಿಗೆಯ ಕೆಳಗೆ ಸಿಕ್ಕಿಸಲು ಹೇಳಿ, ಜೊತೆಗೆ ಒಂದು ಟಾರ್ಚ್ ಕಳಿಸಿ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕಾಗಿದೆ. ವಿಷಯ ಅಷ್ಟು ಗಂಭೀರವಾದದ್ದು.

ನಾಯಿ ಕಚ್ಚಿದರೂ, ಪರಚಿದರೂ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅದೇ ದಿನ ಲಸಿಕೆ ಆರಂಭಿಸಬೇಕು. ಬೈಯುತ್ತಾರೆಂದು ಮಕ್ಕಳು ಇದನ್ನು ಮುಚ್ಚಿಡುತ್ತಾರೆ. "ಹೇಳಿದರೆ ಬೈಯುವುದಿಲ್ಲ" ಎಂದು ಮೊದಲೇ ಮಾತು ಕೊಡಿ.

ಮಗುವಿಗೆ ಕಲಿಸಿ ಕಳಿಸಬೇಕಾದ ಮೂರು ಮಾತು

ಒಂದು: "ನನಗೆ ಹುಷಾರಿಲ್ಲ." ಸಹಿಸಿಕೊಳ್ಳುವುದೇ ಜಾಣತನವಲ್ಲ.

ಎರಡು: "ಬೇಡ, ಮುಟ್ಟಬೇಡಿ." ಒಳ ಉಡುಪು ಮುಚ್ಚುವ ಭಾಗವನ್ನು ಯಾರೂ ಮುಟ್ಟಬಾರದು, ನೋಡಬಾರದು, ತಮ್ಮದನ್ನು ತೋರಿಸಬಾರದು. ಗಂಡುಮಕ್ಕಳಿಗೂ ಇದನ್ನು ಹೇಳಬೇಕು. ಹಾಗಾದರೆ ಕೂಗಿ, ಓಡಿ, ನಂಬಿಕೆಯ ದೊಡ್ಡವರಿಗೆ ಹೇಳಲಿ. 2012ರ ಪೋಕ್ಸೋ ಕಾಯ್ದೆಯಂತೆ 18 ವರ್ಷದೊಳಗಿನ ಮಕ್ಕಳ ಮೇಲೆ ಇಂಥ ಕೃತ್ಯ ಎಸಗುವುದು ಅಪರಾಧ, ತಿಳಿದವರು ವರದಿ ಮಾಡುವುದು ಕಡ್ಡಾಯ.

ಮೂರು: "ನನ್ನ ಮನೆಗೆ ಫೋನು ಮಾಡಿ." ನಿಮ್ಮ ಮೊಬೈಲ್ ಸಂಖ್ಯೆ ಮಗುವಿಗೆ ಬಾಯಿಪಾಠವಾಗಿರಲಿ. ಮೊದಲ ಎರಡು ದಿನ ಮನೆಯ ನೆನಪಿನಿಂದ ಅಳುವುದು ಸಹಜ, ಓಡಿಹೋಗಿ ಕರೆತರಬೇಡಿ. ಆದರೆ ಒಬ್ಬ ವ್ಯಕ್ತಿಯ ಹೆಸರು ಹೇಳಿ ಹೆದರುತ್ತಿದ್ದರೆ, ಊಟ ನಿದ್ದೆ ಬಿಟ್ಟಿದ್ದರೆ ಅಂದೇ ಹೋಗಿ ನೋಡಿ.

ಜೊತೆಗಿಡಬೇಕಾದ ಮಾಹಿತಿ ಚೀಟಿ

ಇದನ್ನು ಒಂದು ಹಾಳೆಯಲ್ಲಿ ಬರೆದು ಎರಡು ಪ್ರತಿ ಮಾಡಿ. ಒಂದು ಶಿಬಿರದವರಿಗೆ, ಇನ್ನೊಂದು ಮಗುವಿನ ಚೀಲದಲ್ಲಿ.

1. ಮಗುವಿನ ಹೆಸರು, ವಯಸ್ಸು, ತೂಕ, ರಕ್ತದ ಗುಂಪು
2. ಇರುವ ಕಾಯಿಲೆ, ಹಿಂದೆ ಆದ ಶಸ್ತ್ರಚಿಕಿತ್ಸೆ
3. ಔಷಧದ ಹೆಸರು, ಪ್ರಮಾಣ, ಕೊಡುವ ಹೊತ್ತು
4. ಒಗ್ಗದ ಔಷಧ, ಆಹಾರ
5. ತೊಂದರೆ ಬಂದರೆ ಹೇಗೆ ಕಾಣುತ್ತದೆ, ಮೊದಲು ಏನು ಮಾಡಬೇಕು
6. ಕೊನೆಯ ಟಿಟಿ ಅಥವಾ ಟಿಡಿ ಹಾಕಿಸಿದ ದಿನ
7. ತಂದೆ, ತಾಯಿ ಮತ್ತು ಮತ್ತೊಬ್ಬ ಬಂಧುವಿನ ಮೊಬೈಲ್ ಸಂಖ್ಯೆ
8. ನೋಡುವ ವೈದ್ಯರ ಹೆಸರು, ಆಸ್ಪತ್ರೆಯ ದೂರವಾಣಿ

ಹಾಳೆಯ ಕೆಳಗೆ ಈ ಸಂಖ್ಯೆಗಳನ್ನೂ ಬರೆಯಿರಿ: ಆಂಬುಲೆನ್ಸ್ 108, ಮಕ್ಕಳ ಸಹಾಯವಾಣಿ 1098, ತುರ್ತು ಕರೆ 112.

ಬರೆಯಲು ಬಾರದಿದ್ದರೆ ಸಂಕೋಚ ಬೇಡ. ಮಗುವನ್ನೂ ಹಳೆಯ ಚೀಟಿಗಳನ್ನೂ ಕರೆತನ್ನಿ, ತನ್ನಿ. ಹೊರರೋಗಿ ವಿಭಾಗದಲ್ಲಿ ನಮ್ಮ ಯಾವ ದಾದಿಯನ್ನು ಕೇಳಿದರೂ ಬರೆದುಕೊಡುತ್ತಾರೆ. ಆ ಹುಡುಗನ ತಾಯಿ ಮರುವರ್ಷ ನಮ್ಮಲ್ಲಿಗೆ ಬಂದು ಹೀಗೆಯೇ ಚೀಟಿ ಬರೆಸಿಕೊಂಡು ಹೋದರು. ಅವನು ಮತ್ತೆ ಶಿಬಿರಕ್ಕೆ ಹೋದ. ಶಿಕ್ಷಕರೊಬ್ಬರು ದಿನವೂ ರಾತ್ರಿ ಊಟದ ನಂತರ ಕರೆದು ಗುಳಿಗೆ ಕೊಡುತ್ತಿದ್ದರಂತೆ. ಹದಿನೈದು ದಿನ ಆಡಿ, ಬಿಸಿಲಿಗೆ ಕಪ್ಪಾಗಿ, ಎರಡು ಹಾಡು ಕಲಿತು ಮನೆಗೆ ಬಂದ.

ನಿಮ್ಮ ಮಗುವೂ ಹಾಗೆಯೇ ಕುಣಿಯುತ್ತ ಹೋಗಿ ಕ್ಷೇಮವಾಗಿ ಮರಳಲಿ.