ಯುದ್ಧಾನುಕರಣ ಕ್ರೀಡೆಯಲ್ಲಿ ದಳನಾಯಕನ ಹೊಣೆ

ಯುದ್ಧವನ್ನು ಅನುಕರಿಸುವ ಆಟಗಳು ಹೊಸವಲ್ಲ. ನಮ್ಮ ದೇಶದಲ್ಲಿ ಹುಟ್ಟಿದ ಚತುರಂಗವು ಆನೆ, ಕುದುರೆ, ರಥ, ಪದಾತಿ ಎಂಬ ಸೇನೆಯ ನಾಲ್ಕು ಅಂಗಗಳನ್ನು ತನ್ನ ಹೆಸರಿನಲ್ಲಿಯೇ ಹೊತ್ತುಕೊಂಡಿದೆ. ಆದರೆ ಚತುರಂಗದ ಆಟಗಾರನಿಗೆ ಎರಡು ಅನುಕೂಲಗಳುಂಟು. ಎದುರಾಳಿಯ ಕಾಯಿಗಳೆಲ್ಲವೂ ಅವನ ಕಣ್ಣ ಮುಂದೆ ಇರುತ್ತವೆ. ತನ್ನ ಕಾಯಿಗಳು ಇಟ್ಟ ಮನೆಯಲ್ಲಿಯೇ ನಿಲ್ಲುತ್ತವೆ. ರಣರಂಗದ ಸೇನಾನಿಗೆ ಈ ಎರಡೂ ಇಲ್ಲ. ಶತ್ರುವು ಎಲ್ಲಿರುವನೆಂಬುದು ಅವನಿಗೆ ಅರೆಬರೆಯಾಗಿ ತಿಳಿದಿರುತ್ತದೆ. ಅವನ ಆಜ್ಞೆಯು ತಡವಾಗಿ ತಲುಪಬಹುದು, ತಲುಪದೆಯೂ ಹೋಗಬಹುದು. ಈ ಎರಡು ಕಷ್ಟಗಳನ್ನೂ ಆಟದೊಳಕ್ಕೆ ತಂದಾಗ ಯುದ್ಧಾನುಕರಣ ಕ್ರೀಡೆಯು ರೂಪುಗೊಂಡಿತು. ಅಂಥ ಕ್ರೀಡೆಯಲ್ಲಿ ಸುಮಾರು ಮೂವತ್ತು ಮಂದಿಯ ಒಂದು ಪ್ಲಟೂನನ್ನು ನಡೆಸುವವನ ಕೆಲಸವೇನು, ಅದರಿಂದ ವಿದ್ಯಾರ್ಥಿಗಳು ಕಲಿಯಬಹುದಾದುದೇನು ಎಂಬುದನ್ನು ಇಲ್ಲಿ ವಿವೇಚಿಸೋಣ.

ಕ್ರೀಡೆಯ ಇತಿಹಾಸ

1812ರಲ್ಲಿ ಪ್ರಷ್ಯಾ ದೇಶದ ರೈಸ್ವಿಟ್ಸ್ ಎಂಬವನು ಇಂಥದೊಂದು ಆಟದ ಮೇಜನ್ನು ಅಲ್ಲಿಯ ಅರಸನಿಗೆ ಒಪ್ಪಿಸಿದನು. ಫಿರಂಗಿದಳದಲ್ಲಿ ಅಧಿಕಾರಿಯಾಗಿದ್ದ ಅವನ ಮಗನು ಅದನ್ನು ತಿದ್ದಿ, 1824ರಲ್ಲಿ ನಿಯಮಗಳನ್ನು ಅಚ್ಚು ಹಾಕಿಸಿದನು. 1:8000 ಪ್ರಮಾಣದ ನಕ್ಷೆಯ ಮೇಲೆ ಕೆಂಪು ಮತ್ತು ನೀಲಿ ಬಣ್ಣದ ತುಂಡುಗಳು ಎರಡು ಸೇನೆಗಳನ್ನು ಸೂಚಿಸುತ್ತಿದ್ದುವು. ಒಂದೊಂದು ಸರದಿಯೂ ಎರಡು ನಿಮಿಷಗಳ ಕಾಲಕ್ಕೆ ಸಮನಾಗಿತ್ತು. ಗುಂಡಿನ ಫಲವನ್ನು ದಾಳವು ನಿರ್ಣಯಿಸುತ್ತಿತ್ತು. ನಡುವೆ ಒಬ್ಬ ನಿರ್ಣಾಯಕನಿದ್ದು, ಪ್ರತಿಯೊಬ್ಬ ಆಟಗಾರನಿಗೂ ಅವನ ಸೈನಿಕರು ನಿಜವಾಗಿ ಕಾಣಬಹುದಾದಷ್ಟನ್ನು ಮಾತ್ರ ತಿಳಿಸುತ್ತಿದ್ದನು. ಈ ಆಟವನ್ನು ಕಂಡ ಪ್ರಷ್ಯಾದ ಪ್ರಧಾನ ಸೇನಾಧಿಕಾರಿ ಮ್ಯೂಫ್ಲಿಂಗನು ಅದನ್ನು ಇಡೀ ಸೇನೆಗೆ ಶಿಫಾರಸು ಮಾಡಿದನು.

ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ನಕ್ಷೆಯ ಸ್ಥಾನಕ್ಕೆ ಕಂಪ್ಯೂಟರು ಬಂದಿತು. 1996ರಲ್ಲಿ ಅಮೆರಿಕೆಯ ಮರೀನ್ ಸೇನೆಯವರು ‘ಡೂಮ್’ ಎಂಬ ಪ್ರಸಿದ್ಧ ಆಟವನ್ನು ಮಾರ್ಪಡಿಸಿ, ನಾಲ್ಕು ಮಂದಿಯ ತಂಡಗಳಿಗೆ ಒಗ್ಗಟ್ಟಿನ ಅಭ್ಯಾಸ ಮಾಡಿಸಿದರು. 2001ರಲ್ಲಿ ಚೆಕ್ ದೇಶದ ಬೊಹೀಮಿಯಾ ಇಂಟರ‍್ಯಾಕ್ಟಿವ್ ಸಂಸ್ಥೆಯು ‘ಆಪರೇಷನ್ ಫ್ಲ್ಯಾಷ್‌ಪಾಯಿಂಟ್’ ಎಂಬ ಆಟವನ್ನು ಹೊರತಂದಿತು. ಅದೇ ಸಂಸ್ಥೆಯ ‘ಆರ್ಮಾ 3’ 2013ರಲ್ಲಿ ಪ್ರಕಟವಾಯಿತು. ಇದರಲ್ಲಿ ಬರುವ ಆಲ್ಟಿಸ್ ಎಂಬ ಕಲ್ಪಿತ ದ್ವೀಪವು ಗ್ರೀಸ್ ದೇಶದ ಲೆಮ್ನೋಸ್ ದ್ವೀಪದ ಮಾದರಿಯಲ್ಲಿ ರಚಿತವಾದುದು. ವಿಸ್ತೀರ್ಣ ಸುಮಾರು 270 ಚದರ ಕಿಲೋಮೀಟರು. ಇಂಥ ಆಟಗಳು ಹಿರಿಯ ವಯಸ್ಸಿನವರಿಗೆಂದು ರಚಿತವಾದವು. ಆದರೆ ಅವುಗಳಲ್ಲಿ ಅಡಗಿರುವ ನಾಯಕತ್ವದ ಪಾಠವನ್ನು ಕಾಗದದ ನಕ್ಷೆಯ ಮೇಲೆಯೂ, ಎನ್.ಸಿ.ಸಿ. ಶಿಬಿರದ ಮರಳಿನ ಮಾದರಿಯ ಮೇಲೆಯೂ ಕಲಿಯಬಹುದು.

ಪ್ಲಟೂನಿನ ರಚನೆ

ಊರೂರುಗಳಲ್ಲಿ ತಮ್ಮ ತಮ್ಮ ಮನೆಯಲ್ಲಿ ಕುಳಿತ ಆಟಗಾರರು ಗೊತ್ತಾದ ದಿನ, ಗೊತ್ತಾದ ವೇಳೆಗೆ ಕೂಡುತ್ತಾರೆ. ನಿಜವಾದ ಸೇನೆಯ ಮಾದರಿಯಲ್ಲಿಯೇ ಎಂಟು ಹತ್ತು ಮಂದಿಯ ಒಂದೊಂದು ಸೆಕ್ಷನ್ ಏರ್ಪಡುತ್ತದೆ. ಮೂರು ಸೆಕ್ಷನ್‌ಗಳೂ ನಾಯಕನ ಚಿಕ್ಕ ಪರಿವಾರವೂ ಸೇರಿ ಒಂದು ಪ್ಲಟೂನ್. ನಾಯಕನು ಮೂವತ್ತು ಮಂದಿಯನ್ನು ತಾನೇ ನಡೆಸುವುದಿಲ್ಲ. ಮೂವರು ಸೆಕ್ಷನ್ ನಾಯಕರನ್ನು ನಡೆಸುತ್ತಾನೆ. ಮೂವತ್ತು ಮಂದಿಗೆ ಒಬ್ಬೊಬ್ಬರಿಗೂ ಎಲ್ಲಿ ನಿಲ್ಲಬೇಕೆಂದು ಹೇಳಹೊರಟವನು ಯಾರಿಗೂ ಸರಿಯಾಗಿ ಹೇಳಲಾರನು. ಅಷ್ಟೇ ಅಲ್ಲ, ಸೆಕ್ಷನ್ ನಾಯಕನ ಕೆಲಸವನ್ನು ಪ್ಲಟೂನ್ ನಾಯಕನು ಕಿತ್ತುಕೊಂಡರೆ, ಪ್ಲಟೂನ್ ನಾಯಕನ ಕೆಲಸವನ್ನು ಮಾಡುವವರೇ ಇಲ್ಲವಾಗುತ್ತಾರೆ.

ಆಜ್ಞೆಯ ಐದು ಭಾಗಗಳು

ಹೊರಡುವ ಮೊದಲು ನಾಯಕನು ಆಜ್ಞೆ ಕೊಡಬೇಕು. ಸೇನಾಶಿಕ್ಷಣದಲ್ಲಿ ಇದಕ್ಕೆ ಐದು ಭಾಗಗಳುಂಟು: ಪರಿಸ್ಥಿತಿ, ಉದ್ದೇಶ, ವಿಧಾನ, ವ್ಯವಸ್ಥೆ, ಸಂಪರ್ಕ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಬಯಲಿನ ನಡುವೆ ಒಂದು ಹಳ್ಳಿ; ಅದರ ಪಶ್ಚಿಮಕ್ಕೆ ಗುಡ್ಡ, ದಕ್ಷಿಣಕ್ಕೆ ಒಣಗಿದ ತೊರೆಯ ತಗ್ಗು. ನಾಯಕನು ಹೇಳಬೇಕಾದುದು ಇಷ್ಟೇ:

ಪರಿಸ್ಥಿತಿ: ಹಳ್ಳಿಯಲ್ಲಿ ಶತ್ರುಗಳು ಸುಮಾರು ಹತ್ತು ಮಂದಿ, ಇಗರ್ಜಿಯ ಬಳಿ ಒಂದು ಮೆಷಿನ್‌ಗನ್ ಇದೆ. 
ಉದ್ದೇಶ: ಸೇತುವೆಯ ದಾರಿ ನಮಗೆ ತೆರವಾಗಬೇಕು, ಅದಕ್ಕಾಗಿ ಹಳ್ಳಿಯನ್ನು ಹಿಡಿಯತಕ್ಕದ್ದು. 
ವಿಧಾನ: ಒಂದನೆಯ ಸೆಕ್ಷನ್ ಗುಡ್ಡದಿಂದ ಗುಂಡು ಹಾರಿಸುವುದು, ಎರಡನೆಯದು ತೊರೆಯ ತಗ್ಗಿನಲ್ಲಿ ಸಾಗಿ ದಕ್ಷಿಣದಿಂದ ನುಗ್ಗುವುದು, ಮೂರನೆಯದು ನನ್ನೊಡನೆ ಕಾದಿರುವುದು. 
ವ್ಯವಸ್ಥೆ: ಗಾಯಗೊಂಡವರನ್ನು ಗುಡ್ಡದ ಹಿಂಬದಿಗೆ ತರುವುದು. 
ಸಂಪರ್ಕ: ನಾನು ಬಿದ್ದರೆ ಒಂದನೆಯ ಸೆಕ್ಷನ್ ನಾಯಕನು ಪ್ಲಟೂನನ್ನು ನಡೆಸುವನು.

ಇವುಗಳಲ್ಲಿ ಉದ್ದೇಶವೇ ಮುಖ್ಯವಾದುದು. ವಿಧಾನವು ಮೊದಲ ಗುಂಡಿನೊಡನೆ ಕೆಡಬಹುದು. ಆಗ ಏತಕ್ಕಾಗಿ ಬಂದೆವೆಂಬುದನ್ನು ಬಲ್ಲ ಸೆಕ್ಷನ್ ನಾಯಕನು, ಆಜ್ಞೆ ಬಾರದಿದ್ದರೂ ತಕ್ಕುದನ್ನು ಮಾಡಬಲ್ಲನು. ಬರಿಯ ವಿಧಾನವನ್ನು ಕೇಳಿದವನು ನಿಂತಲ್ಲಿಯೇ ನಿಲ್ಲುತ್ತಾನೆ. ಇನ್ನೊಂದು ಸೂತ್ರವೂ ಗಮನಿಸತಕ್ಕದ್ದು. ಹೊರಡಲು ಮೂವತ್ತು ನಿಮಿಷಗಳಿದ್ದರೆ ನಾಯಕನು ಹತ್ತು ನಿಮಿಷಗಳಲ್ಲಿ ತನ್ನ ಯೋಜನೆಯನ್ನು ಮುಗಿಸಿ, ಉಳಿದ ಇಪ್ಪತ್ತು ನಿಮಿಷಗಳನ್ನು ಕೆಳಗಿನವರಿಗೆ ಬಿಡಬೇಕು. ಅವರೂ ತಮ್ಮವರಿಗೆ ವಿವರಿಸಬೇಕಲ್ಲವೆ?

ಗುಂಡು ಮತ್ತು ಚಲನೆ

ಮೇಲಿನ ಯೋಜನೆಯಲ್ಲಿ ಒಂದು ತತ್ತ್ವವಿದೆ. ಶತ್ರುವಿನ ಕಣ್ಣೆದುರಿಗೆ ನಡೆಯುವವನಿಗೆ ರಕ್ಷಣೆಯಿಲ್ಲ; ಆದುದರಿಂದ ಒಬ್ಬರು ಚಲಿಸುವಾಗ ಇನ್ನೊಬ್ಬರು ಗುಂಡು ಹಾರಿಸಿ ಶತ್ರುವು ತಲೆಯೆತ್ತದಂತೆ ಮಾಡಬೇಕು. ಗುಂಡು ಪಶ್ಚಿಮದಿಂದ, ದಾಳಿ ದಕ್ಷಿಣದಿಂದ ಎಂಬುದಕ್ಕೂ ಕಾರಣವುಂಟು. ಎರಡು ದಿಕ್ಕುಗಳೂ ಲಂಬಕೋನದಲ್ಲಿದ್ದರೆ, ನುಗ್ಗುವವರು ಬಹು ಹತ್ತಿರಕ್ಕೆ ಬರುವ ತನಕ ತಮ್ಮವರ ಗುಂಡಿನ ದಾರಿಗೆ ಸಿಕ್ಕುವುದಿಲ್ಲ. ಅವರು ಹಳ್ಳಿಯ ಅಂಚನ್ನು ಮುಟ್ಟಿದೊಡನೆ ಗುಡ್ಡದವರು ತಮ್ಮ ಗುಂಡನ್ನು ಉತ್ತರಕ್ಕೆ ಸರಿಸಬೇಕು. ಈ ಒಂದು ಆಜ್ಞೆ ಅರ್ಧ ನಿಮಿಷ ತಡವಾದರೆ ಗೆಳೆಯರ ಗುಂಡಿಗೇ ಗೆಳೆಯರು ಬೀಳುವರು. ಆದುದರಿಂದ ನಾಯಕನ ಸ್ಥಾನವು ಎಲ್ಲರಿಗಿಂತ ಮುಂದೆಯೂ ಅಲ್ಲ, ಎಲ್ಲರಿಗಿಂತ ಹಿಂದೆಯೂ ಅಲ್ಲ; ಈ ಕ್ಷಣವನ್ನು ಕಾಣಬಲ್ಲ ಎಡೆಯಲ್ಲಿ. ತಾನೇ ಬಂದೂಕು ಹಿಡಿದು ಗುರಿಯಿಡುತ್ತಿರುವ ನಾಯಕನು ಒಂದು ಬಂದೂಕನ್ನು ಹೆಚ್ಚಿಸಿ, ಒಂದು ಪ್ಲಟೂನನ್ನು ಕಳೆದುಕೊಂಡಂತೆ.

ವೈರ್‌ಲೆಸ್ ಶಿಸ್ತು

ಮಾತು ಕಡಿಮೆಯಾದಷ್ಟೂ ಕೆಲಸ ಹೆಚ್ಚು ಎಂಬುದು ವೈರ್‌ಲೆಸ್ಸಿನಲ್ಲಿ ಅಕ್ಷರಶಃ ಸತ್ಯ. ಒಬ್ಬನು ಹರಟುತ್ತಿರುವಾಗ ಇನ್ನೊಬ್ಬನ ಎಚ್ಚರಿಕೆ ಕೇಳಿಸದು. ಮೊದಲು ಆಲಿಸು, ಆಮೇಲೆ ಯೋಚಿಸು, ಕೊನೆಗೆ ಮಾತನಾಡು ಎಂಬುದು ಕ್ರಮ. ಕರೆಯುವವನು ಮೊದಲು ಕೇಳಬೇಕಾದವನ ಸಂಕೇತನಾಮವನ್ನೂ ಬಳಿಕ ತನ್ನದನ್ನೂ ಹೇಳಿ, ವಿಷಯವನ್ನು ತಿಳಿಸಬೇಕು. “ಅಲ್ಲಿ ನೋಡಿ, ಅಲ್ಲಿ” ಎಂದು ಕೂಗಿದರೆ ಯಾರಿಗೂ ಏನೂ ತಿಳಿಯದು. “ದಿಕ್ಕು 085, ದೂರ 300 ಮೀಟರು, ಕೆಂಪು ಹೆಂಚಿನ ಮನೆ, ಎಡಗಡೆಯ ಕಿಟಕಿ” ಎಂದರೆ ಎಲ್ಲರ ಕಣ್ಣುಗಳೂ ಒಂದೇ ಕಡೆ ನಿಲ್ಲುತ್ತವೆ. ದಿಕ್ಸೂಚಿಯ 360 ಅಂಶಗಳನ್ನು ಭೂಗೋಲದ ತರಗತಿಯಲ್ಲಿ ಕಲಿತವರಿಗೆ ಅದರ ಪ್ರಯೋಜನವು ಇಲ್ಲಿ ಪ್ರತ್ಯಕ್ಷವಾಗುತ್ತದೆ.

ನಿಜವಾದ ಪಣ

ಆಟದಲ್ಲಿ ಯಾರೂ ಸಾಯುವುದಿಲ್ಲವಷ್ಟೆ. ಹಾಗಾದರೆ ನಾಯಕನು ಇಷ್ಟು ಚಿಂತಿಸಬೇಕೇಕೆ ಎಂದು ಕೇಳಬಹುದು. ಅನೇಕ ಕೂಟಗಳಲ್ಲಿ ಒಂದು ಸಂಜೆಗೆ ಒಂದೇ ಪ್ರಾಣ ಎಂಬ ನಿಯಮವಿದೆ. ಬಿದ್ದವನು ಆಟ ಮುಗಿಯುವವರೆಗೆ ಸುಮ್ಮನೆ ನೋಡುತ್ತಿರಬೇಕು. ವಾರವೆಲ್ಲ ದುಡಿದು ಅಥವಾ ಓದಿ, ಈ ಎರಡು ಗಂಟೆಗಳಿಗಾಗಿ ಕಾದು ಬಂದ ಗೆಳೆಯನನ್ನು ಹತ್ತನೆಯ ನಿಮಿಷದಲ್ಲಿಯೇ ನಿಷ್ಕಾರಣವಾಗಿ ಬೀಳಿಸಿದ ನಾಯಕನು ಅವನ ಸಂಜೆಯನ್ನು ಹಾಳುಮಾಡಿದನೆಂದೇ ಅರ್ಥ. ಮೇಲಾಗಿ, ಸೇನೆಯ ಅಧಿಕಾರಿಗೆ ಕಾನೂನಿನ ಬೆಂಬಲವುಂಟು. ಆಟದ ನಾಯಕನಿಗೆ ಅದಿಲ್ಲ. ಅವನ ಮಾತನ್ನು ಯಾರೂ ಕೇಳಲೇಬೇಕೆಂದಿಲ್ಲ. ಬೇಸರವಾದವನು ಮುಂದಿನ ವಾರ ಬರುವುದೇ ಇಲ್ಲ. ವಿಶ್ವಾಸವೊಂದೇ ಅವನ ಅಧಿಕಾರ. ಆ ವಿಶ್ವಾಸವು ಗದರಿಕೆಯಿಂದ ಬರುವುದಿಲ್ಲ. ನಾಯಕನು ಗಾಯಗೊಂಡವರನ್ನು ಬಿಟ್ಟುಹೋಗದೆ, ಹಳ್ಳಿ ಕೈಸೇರಿದೊಡನೆ ತಲೆಗಳನ್ನೆಣಿಸಿ, ಗುಂಡುಗಳೆಷ್ಟು ಉಳಿದಿವೆಯೆಂದು ವಿಚಾರಿಸಿ, ತನ್ನ ಜನರ ಲೆಕ್ಕವನ್ನು ಸದಾ ಮನಸ್ಸಿನಲ್ಲಿಟ್ಟುಕೊಂಡಿರುವನೆಂದು ಅವರಿಗೆ ತಿಳಿದಾಗ ಅದು ಬರುತ್ತದೆ.

ಆಟ ಮುಗಿದ ಬಳಿಕ ಎಲ್ಲರೂ ಕೂಡಿ ವಿಮರ್ಶೆ ಮಾಡುವ ಪದ್ಧತಿಯೂ ಉಂಟು. ಏನು ಮಾಡಬೇಕೆಂದಿದ್ದೆವು, ಏನು ಆಯಿತು, ಏಕೆ ಆಯಿತು, ಮುಂದೆ ಏನು ಮಾಡೋಣ ಎಂಬ ನಾಲ್ಕು ಪ್ರಶ್ನೆಗಳೇ ಅದಕ್ಕೆ ಸಾಕು. ಯಾರು ತಪ್ಪಿದರು ಎಂಬ ಐದನೆಯ ಪ್ರಶ್ನೆಯನ್ನು ಬಿಟ್ಟರೆ ಹೊಸಬನೂ ಧೈರ್ಯವಾಗಿ ಬಾಯಿ ತೆರೆಯುತ್ತಾನೆ.

ಕೊನೆಯದಾಗಿ ಒಂದು ಮಾತು. ಆಟವು ಯುದ್ಧವಲ್ಲ. ಹಸಿವು, ನಿದ್ದೆಗೇಡು, ಭಯ, ಹೊರಲಾರದ ಹೊರೆ, ಮನೆಗೆ ಹಿಂದಿರುಗದವನ ತಾಯಿ: ಇವೊಂದೂ ಕಂಪ್ಯೂಟರಿನ ತೆರೆಯ ಮೇಲೆ ಇಲ್ಲ. ಆಟದಲ್ಲಿ ಗೆದ್ದೆನೆಂದು ಯುದ್ಧವನ್ನು ಬಲ್ಲೆನೆನ್ನುವವನು ಭ್ರಾಂತನು. ಆದರೆ ಸ್ಪಷ್ಟವಾಗಿ ಹೇಳುವುದು, ತಾಳ್ಮೆಯಿಂದ ಕೇಳುವುದು, ಕೆಳಗಿನವರನ್ನು ನಂಬಿ ಕೆಲಸವನ್ನು ಒಪ್ಪಿಸುವುದು, ಅವರ ಕ್ಷೇಮಕ್ಕೆ ತಾನು ಹೊಣೆಯೆಂದು ತಿಳಿಯುವುದು — ಈ ಗುಣಗಳು ಆಟದಲ್ಲಿ ಕಲಿತರೂ ನಿಜವಾದವೇ. ಶಾಲೆಯ ಪ್ರವಾಸದಲ್ಲಿ ಹತ್ತು ಮಂದಿ ಕಿರಿಯರನ್ನು ರೈಲು ಹತ್ತಿಸುವಾಗಲೂ, ವಾರ್ಷಿಕೋತ್ಸವದಲ್ಲಿ ಸ್ವಯಂಸೇವಕರನ್ನು ನಡೆಸುವಾಗಲೂ ಅವೇ ಬೇಕಾಗುವುವು. ಹೊರಡುವಾಗ ಎಣಿಸಿದವರನ್ನು ಹಿಂದಿರುಗಿದಾಗಲೂ ಎಣಿಸಬೇಕು. ನಾಯಕನಾಗಬಯಸುವ ವಿದ್ಯಾರ್ಥಿಯು ಅಭ್ಯಾಸವನ್ನು ಇಲ್ಲಿಂದಲೇ ಆರಂಭಿಸಲಿ.