ನಾಯಿಮರಿಯ ಉಂಗುರ, ಮೆಡಿಕಲ್ ಅಂಗಡಿಯ ಟ್ಯೂಬು

ತಮ್ಮಾ, ಮಿಹಾನ್ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಸಿಕ್ಕಿ ನೀನು ನಾಗಪುರಕ್ಕೆ ಬಂದದ್ದು ಮಾರ್ಚ್‌ನಲ್ಲಿ, ಬೀದಿಯಿಂದ ಆ ಕರಿ ಮರಿಯನ್ನು ಎತ್ತಿಕೊಂಡು ಬಂದದ್ದು ಜೂನ್‌ನಲ್ಲಿ. ಈಗ ಅದರ ಕಿವಿಯ ಹಿಂದೆ ರೂಪಾಯಿಯಗಲ ಕೂದಲು ಉದುರಿದೆ ಅಂತ ಫೋನ್ ಮಾಡಿದ್ದೀಯ. ಮೂವತ್ತು ವರ್ಷ ಈ ಊರಿನಲ್ಲಿ ನಾಯಿ ಸಾಕಿದ ನಿನ್ನ ಕಾಕಾ ಹೇಳುತ್ತೇನೆ, ಕೇಳು.

• ಮೊದಲು ಮೆಡಿಕಲ್ ಅಂಗಡಿಯಿಂದ ತಂದ ಆ ಟ್ಯೂಬನ್ನು ಕೆಳಗಿಡು. ಅಂಗಡಿಯವನು ಕೊಡುವ ‘ಎಲ್ಲಕ್ಕೂ ಒಂದೇ’ ಕ್ರೀಮಿನಲ್ಲಿ ಫಂಗಸ್ ಮದ್ದಿನ ಜೊತೆ ಆಂಟಿಬಯಾಟಿಕ್ಕೂ ಸ್ಟೀರಾಯ್ಡೂ ಸೇರಿರುತ್ತದೆ. ನಮ್ಮ ನಾಯಿ ಮೋತಿಗೆ ನಾನೇ ಹಚ್ಚಿದ್ದೆ. ನಾಲ್ಕು ದಿನದಲ್ಲಿ ಕೆಂಪು ಇಳಿಯಿತು, ತುರಿಕೆ ನಿಂತಿತು, ನಾನು ಬೀಗಿದೆ. ಮೂರನೇ ವಾರ ಉಂಗುರ ಅಂಗೈಯಗಲ ಆಗಿತ್ತು, ಮೊಮ್ಮಗಳ ಮೊಣಕೈ ಮೇಲೂ ಒಂದು ಎದ್ದಿತ್ತು. ಸ್ಟೀರಾಯ್ಡು ಉರಿಯನ್ನಷ್ಟೇ ಮುಚ್ಚಿತ್ತು. ಫಂಗಸ್ ಒಳಗೆ ಹಾಯಾಗಿ ಬೆಳೆದಿತ್ತು. ಅದೂ ಅಲ್ಲದೆ ಮೈಗೆ ಹಚ್ಚಿದ್ದನ್ನು ನಾಯಿ ನೆಕ್ಕದೆ ಬಿಡುತ್ತದೆಯೇ?

• ಈ ಉಂಗುರದ ರೋಗವನ್ನು ನಾವು ಹುಳುಕಡ್ಡಿ ಅನ್ನುತ್ತೇವೆ, ಇಲ್ಲಿಯವರು ನಾಯಟಾ, ಗಜಕರ್ಣ ಅನ್ನುತ್ತಾರೆ. ಹುಳು ಮಾತ್ರ ಇಲ್ಲ. ಇದು ಕೂದಲು, ಚರ್ಮದ ಕೆರಾಟಿನ್ ತಿಂದು ಬದುಕುವ ಫಂಗಸ್. ದುಂಡಗಿರುವುದೆಲ್ಲ ಹುಳುಕಡ್ಡಿಯೂ ಅಲ್ಲ. ನಾಯಿಕಜ್ಜಿ, ಕೀವುಗುಳ್ಳೆ ಕೂಡ ಹೀಗೇ ಕಾಣಬಹುದು.

• ಹಾಗಾಗಿ ಪರೀಕ್ಷೆ ಮಾಡಿಸು. ಸೆಮಿನರಿ ಹಿಲ್ಸ್‌ನಲ್ಲಿ 1958ರಿಂದ ವೆಟರ್ನರಿ ಕಾಲೇಜಿದೆ. ಉಂಗುರದ ಅಂಚಿನ ಕೂದಲನ್ನು ಬುಡಸಮೇತ ಕಿತ್ತು ಮೈಕ್ರೋಸ್ಕೋಪಿನಲ್ಲಿ ನೋಡಬೇಕು, ಫಂಗಸ್ ಬೆಳೆಸಿ ನೋಡುವ ಕಲ್ಚರ್‌ಗೆ ಹಾಕಬೇಕು. ಕಲ್ಚರ್‌ಗೆ ಎರಡು ಮೂರು ವಾರ ಬೇಕಾಗಬಹುದು, ರೇಗಬೇಡ. ಕತ್ತಲಲ್ಲಿ ವುಡ್ಸ್ ಎಂಬ ನೇರಳಾತೀತ ದೀಪ ಹಿಡಿದರೆ ಮೈಕ್ರೋಸ್ಪೋರಮ್ ಕೇನಿಸ್ ಎಂಬ ಫಂಗಸ್ ಹತ್ತಿದ ಕೂದಲು ಹಸಿರಾಗಿ ಹೊಳೆಯಬಹುದು. ಹೊಳೆಯಲಿಲ್ಲ ಅಂತ ಸಮಾಧಾನಪಡಬೇಡ, ಟ್ರೈಕೋಫೈಟನ್ ಜಾತಿಯವು ಸಾಮಾನ್ಯವಾಗಿ ಹೊಳೆಯುವುದಿಲ್ಲ.

• ಬ್ಯಾಕ್ಟೀರಿಯಾಕ್ಕೆ ಇರುವಷ್ಟು ಬಗೆಯ ಮದ್ದು ಫಂಗಸ್‌ಗೆ ಇಲ್ಲ. ಅದರ ಜೀವಕೋಶ ನಮ್ಮದಕ್ಕೂ ನಾಯಿಯದಕ್ಕೂ ಹತ್ತಿರದ್ದು. ಅದನ್ನು ಮಾತ್ರ ಕೊಲ್ಲುವುದು ಕಷ್ಟ. ಇರುವ ನಾಲ್ಕಾರು ಬಗೆಯಲ್ಲೇ ಒಂದೊಂದು ಕೈಕೊಡುತ್ತಿದೆ. 2020ರಲ್ಲಿ ಜಪಾನಿನ ವಿಜ್ಞಾನಿಗಳು ಒಂದು ಫಂಗಸ್‌ಗೆ ಟ್ರೈಕೋಫೈಟನ್ ಇಂಡೋಟಿನಿಯೆ ಎಂದು ಹೆಸರಿಟ್ಟರು. ಹೆಸರಲ್ಲೇ ನಮ್ಮ ದೇಶ ಕೂತಿದೆ! ಹಲವು ಸಲ ಅದರ ಒಂದು ಜೀನ್ ಬದಲಾಗಿ, ಟರ್ಬಿನಾಫಿನ್ ಎಂಬ ಫಂಗಸ್ ಮದ್ದು ಹೋಗಿ ಕೂರುವ ಜಾಗವೇ ಕೆಟ್ಟಿರುತ್ತದೆ, ಮಾತ್ರೆ ನುಂಗಿದರೂ ನಾಟುವುದಿಲ್ಲ. ಅದು ಮುಖ್ಯವಾಗಿ ಮನುಷ್ಯರ ಚರ್ಮದ್ದು. ಅದು ಹೀಗೆ ಹಬ್ಬಿದ್ದಕ್ಕೆ ಆ ಸ್ಟೀರಾಯ್ಡು ಬೆರಕೆಯ ಟ್ಯೂಬುಗಳೂ ಕಾರಣ ಅನ್ನುವ ಚರ್ಮವೈದ್ಯರು ಬಹಳ.

• ಆದರೆ ವಾಸಿಯಾಗದ್ದಕ್ಕೆಲ್ಲ ಮದ್ದಿಗೆ ಬಗ್ಗದ ರೆಸಿಸ್ಟೆನ್ಸ್ ಅನ್ನಬೇಡ. ಹೆಚ್ಚಿನ ಸಲ ತಪ್ಪು ನಮ್ಮದು. ಕೂದಲು ಚಿಗುರಿತು ಅಂತ ಮಾತ್ರೆ ನಿಲ್ಲಿಸುತ್ತೇವೆ, ಮರಿಯ ತೂಕ ಏರಿದರೂ ಹಳೇ ಡೋಸೇ ಕೊಡುತ್ತೇವೆ. ಚರ್ಮ ಚೆನ್ನಾಗಿ ಕಂಡ ಮೇಲೂ ಫಂಗಸ್ ಉಳಿದಿರುತ್ತದೆ. ಯಾವಾಗ ನಿಲ್ಲಿಸಬೇಕೆಂದು ಕಲ್ಚರ್ ನೋಡಿ ಡಾಕ್ಟರು ಹೇಳಲಿ. ಇಟ್ರಾಕೊನಜೋಲ್, ಕೀಟೊಕೊನಜೋಲ್‌ನಂಥ ಫಂಗಸ್ ಮಾತ್ರೆಗಳು ಲಿವರಿಗೆ ತೊಂದರೆ ಕೊಡಬಹುದು, ಅಂದಾಜಿನಲ್ಲಿ ಕೊಡುವಂಥವಲ್ಲ.

• ಇನ್ನು ಮನೆಯ ವಿಷಯ. ಉದುರಿದ ಕೂದಲಿನಲ್ಲಿ ಬೀಜಾಣು ಒಂದು ವರ್ಷಕ್ಕೂ ಮೀರಿ ಬದುಕಬಲ್ಲದು. ದಿನಾ ಗುಡಿಸು, ಸೋಪಿನ ನೀರಲ್ಲಿ ಒರೆಸು, ಆಮೇಲೆ ನೀರು ಬೆರೆಸಿದ ಬ್ಲೀಚು. ಬ್ಲೀಚು ನೆಲಕ್ಕೆ ಮಾತ್ರ, ನಾಯಿಗಲ್ಲ. ಮರಿ ಮಲಗುವ ಗೋಣಿ ಬಿಸಾಕು. ಮಳೆಗಾಲದಲ್ಲಿ ಕೂಲರ್ ಮುಂದೆ ಮಲಗಿಸಬೇಡ; ಬೇಸಿಗೆಯ ನೌತಪಾದ ಬೆಂಕಿಯಲ್ಲಿ ಅದು ಪುಣ್ಯಾತ್ಮ, ಆಗಸ್ಟ್‌ನಲ್ಲಿ ತೇವ ಊದುವ ಯಂತ್ರ.

• ಕಿವಿಯೊಳಗೆ ಕಂದು ಮೇಣ, ಹುಳಿ ವಾಸನೆ ಇದ್ದರೆ ಅದು ಬೇರೆಯದು, ಮಲಾಸೀಜಿಯಾ ಎಂಬ ಯೀಸ್ಟ್ ಇರಬಹುದು. ಪದೇ ಪದೇ ಬಂದರೆ ಅಲರ್ಜಿ ಹುಡುಕಿಸು.

• ಸೀಮೆಎಣ್ಣೆ, ಹಳೇ ಎಂಜಿನ್ ಆಯಿಲ್ ಹಚ್ಚು ಎನ್ನುವ ಚಹಾ ಅಂಗಡಿ ಪಂಡಿತರು ಸಿಗುತ್ತಾರೆ. ನಕ್ಕು ಮುಂದೆ ಹೋಗು.

• ಡಾಕ್ಟರ ಹತ್ತಿರ ಹೋಗುವ ಮುಂಚೆ ಶಾಂಪೂ ಹಾಕಬೇಡ, ಮುಲಾಮು ಬೇಡ, ಕಲ್ಚರ್ ಕೆಡುತ್ತದೆ. ಆ ಟ್ಯೂಬಿನ ಖಾಲಿ ಡಬ್ಬಿ ಇದ್ದರೆ ಜೊತೆಗೆ ತಗೊಂಡು ಬಾ, ಏನು ಹಚ್ಚಿದ್ದೀಯೆಂದು ಅವರು ಕೇಳುತ್ತಾರೆ. ಸೋಮವಾರ ಬೆಳಿಗ್ಗೆ ನಾನೂ ಬರ್ತೀನಿ.